ಹಳೆಯ ಕಂಪ್ಯೂಟರಿನಲ್ಲಿ ಉಳಿದ 143 ಹಾಡುಗಳು

ಹೊಸ ಕಂಪ್ಯೂಟರ್ ಕೊಂಡ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಹಳೆಯದರಲ್ಲಿದ್ದ ಸಂಗೀತದ ಫೋಲ್ಡರನ್ನು ಅದಕ್ಕೆ ನಕಲು ಮಾಡಿದ್ದು. ಎಲ್ಲ ಫೈಲುಗಳೂ ಬಂದವು; ಹೆಸರು, ಗಾತ್ರ, ದಿನಾಂಕ ಯಾವುದರಲ್ಲೂ ವ್ಯತ್ಯಾಸವಿರಲಿಲ್ಲ. ಸಿ.ಡಿ.ಗಳಿಂದ ನಾನೇ ಮಾಡಿಟ್ಟುಕೊಂಡಿದ್ದ ಎಂಪಿ3 ಫೈಲುಗಳು ಎಂದಿನಂತೆ ಹಾಡಿದವು. ಆದರೆ ಹಣ ಕೊಟ್ಟು, ರಸೀದಿ ಪಡೆದು, ಒಂದು ಆನ್‌ಲೈನ್ ಸಂಗೀತ ಮಳಿಗೆಯಿಂದ ಕೊಂಡಿದ್ದ 143 ಹಾಡುಗಳಲ್ಲಿ ಒಂದೂ ತೆರೆಯಲಿಲ್ಲ. ಈ ಕಂಪ್ಯೂಟರಿಗೆ ಈ ಹಾಡನ್ನು ನುಡಿಸುವ ಪರವಾನಗಿ ಇಲ್ಲವೆಂಬ ಸಂದೇಶ ಪ್ರತಿ ಸಲವೂ ಬರುತ್ತಿತ್ತು. ಪರವಾನಗಿ ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟರೆ ಪ್ರೋಗ್ರಾಮು ಅಂತರ್ಜಾಲದಲ್ಲಿ ಯಾವುದೋ ವಿಳಾಸವನ್ನು ಹುಡುಕಿಕೊಂಡು ಹೋಗಿ, ಸ್ವಲ್ಪ ಹೊತ್ತು ಕಾದು, ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಆ ವಿಳಾಸದಲ್ಲಿ ಉತ್ತರ ಕೊಡುವವರು ಯಾರೂ ಉಳಿದಿರಲಿಲ್ಲ. ಮಳಿಗೆ ಮುಚ್ಚಿ ವರ್ಷಗಳೇ ಆಗಿದ್ದವು. ಮುಚ್ಚುವ ಮುನ್ನ ಅವರು ಕಳುಹಿಸಿದ್ದ ಸೂಚನೆ, ನಾನು ಬಳಸುವುದನ್ನೇ ಬಿಟ್ಟಿದ್ದ ಒಂದು ಇಮೇಲ್ ಖಾತೆಯಲ್ಲಿ ಓದದೆ ಬಿದ್ದಿತ್ತು.

ಆ ಹಾಡುಗಳಲ್ಲಿ ಹೆಚ್ಚಿನವು ತಂತಿವಾದ್ಯಗಳ ಕಛೇರಿಗಳ ಧ್ವನಿಮುದ್ರಣಗಳು. ಅವುಗಳಲ್ಲಿ ಒಂದು 38 ನಿಮಿಷಗಳ ಏಕವ್ಯಕ್ತಿ ವಾದನ, ಅದು ಸಿ.ಡಿ.ಯಾಗಿ ಹೊರಬರಲೇ ಇಲ್ಲ, ಈಗಿನ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ನನಗೆ ಸಿಕ್ಕಿಲ್ಲ. ಜನಪ್ರಿಯ ಹಾಡಾಗಿದ್ದರೆ ಇನ್ನೊಮ್ಮೆ ಕೊಂಡು ಸುಮ್ಮನಾಗಬಹುದಿತ್ತು. ಕೇಳುವವರು ಕಡಿಮೆ ಇರುವ ಸಂಗೀತಕ್ಕೆ ಆ ಎರಡನೆಯ ಅವಕಾಶ ಇರುವುದಿಲ್ಲ. ಒಂದು ಮಳಿಗೆ ಮುಚ್ಚಿದಾಗ ಅದರೊಡನೆ ನಿಜವಾಗಿ ಮರೆಯಾಗುವುದು ಇಂಥ ಸಂಗೀತವೇ, ಮತ್ತು ನನ್ನ ಸಂಕಟದ ಮೂಲವೂ ಅದೇ.

ಅಕ್ಕನಿಗೂ ನನಗೂ ಸಂಗೀತದ ಹುಚ್ಚು ಒಂದೇ ಬಗೆಯದು. ಕ್ಯಾಸೆಟ್ಟಿನ ಕಾಲದಲ್ಲಿ ಅವಳು ಕೇಳಿ ಮುಗಿಸಿದ್ದು ನನ್ನ ಕೈಗೆ ಬರುತ್ತಿತ್ತು, ನನ್ನದು ಅವಳಿಗೆ ಹೋಗುತ್ತಿತ್ತು, ಸಿ.ಡಿ. ಬಂದಾಗಲೂ ಆ ಕೊಡುಕೊಳ್ಳುವಿಕೆ ಮುರಿಯಲಿಲ್ಲ. ಹಾಡುಗಳನ್ನು ಫೈಲುಗಳಾಗಿ ಕೊಳ್ಳಲು ತೊಡಗಿದ ಮೇಲೆ ಅದು ನಿಂತುಹೋಯಿತು. ಅವಳ ಬಳಿ ಒಂದು ಕಂಪನಿಯ ಪ್ಲೇಯರ್, ನನ್ನ ಬಳಿ ಇನ್ನೊಂದರದು; ಅವಳು ಕೊಂಡ ಹಾಡು ನನ್ನದರಲ್ಲಿ ನುಡಿಯದು, ನಾನು ಕೊಂಡದ್ದು ಅವಳದರಲ್ಲಿ ನುಡಿಯದು. “ಇದನ್ನು ನೀನು ಕೇಳಲೇಬೇಕು ಕಣೋ” ಎಂದು ಅವಳು ಕಳುಹಿಸಿದ ಫೈಲು ನನ್ನ ಪ್ಲೇಯರಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳಲೂ ಇಲ್ಲ. ಕೊನೆಗೆ ಅವಳು ಫೋನನ್ನು ಸ್ಪೀಕರಿನ ಮುಂದೆ ಹಿಡಿದು ಇಡೀ ಹಾಡನ್ನು ನನಗೆ ಕೇಳಿಸಿದಳು. ಇಬ್ಬರೂ ಹಣ ಕೊಟ್ಟವರು, ಇಬ್ಬರಲ್ಲೂ ಒಳ್ಳೆಯ ಉಪಕರಣಗಳಿದ್ದವು. ಆದರೂ ನನಗೆ ಕೇಳಿಸಿದ್ದು ಫೋನಿನ ಸಪ್ಪೆ ದನಿಯಲ್ಲಿ.

ಇಲ್ಲಿ ಎರಡು ತೊಡಕುಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡದಿದ್ದರೆ ತಪ್ಪು ಯಾರದೆಂಬುದು ಸ್ಪಷ್ಟವಾಗುವುದಿಲ್ಲ. ಮೊದಲನೆಯದು ಫಾರ್ಮ್ಯಾಟುಗಳ ಭೇದ. ಎಂಪಿ3, ಎಎಸಿ, ಡಬ್ಲ್ಯುಎಂಎ, ಸೋನಿಯವರ ಅಟ್ರಾಕ್, ಆಗ್ ವೋರ್ಬಿಸ್, ಫ್ಲ್ಯಾಕ್ ಎಂದು ಧ್ವನಿಯನ್ನು ಅಡಕಗೊಳಿಸಿ ಬರೆದಿಡುವ ಹಲವು ಕ್ರಮಗಳಿವೆ, ಎಲ್ಲ ಉಪಕರಣಗಳೂ ಎಲ್ಲವನ್ನೂ ಅರಿತಿರುವುದಿಲ್ಲ. ಇದು ಕಿರಿಕಿರಿಯೇ ಹೊರತು ಅನ್ಯಾಯವಲ್ಲ, ಏಕೆಂದರೆ ಒಂದು ಪರಿವರ್ತಕ ಪ್ರೋಗ್ರಾಮಿದ್ದರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು. ಎರಡನೆಯದು ಬೀಗ, ಅಂದರೆ ಡಿಜಿಟಲ್ ಹಕ್ಕುಗಳ ನಿರ್ವಹಣೆ ಎಂಬ ಹೆಸರಿನಲ್ಲಿ, ಡಿಆರ್‌ಎಂ ಎಂಬ ಮೂರಕ್ಷರದಲ್ಲಿ ಬಂದ ವ್ಯವಸ್ಥೆ. ಬೀಗ ಬಿದ್ದ ಫೈಲನ್ನು ಪರಿವರ್ತಕ ಪ್ರೋಗ್ರಾಮು ಓದಲಾರದು. ಹೀಗಾಗಿ ಹತ್ತು ನಿಮಿಷಗಳಲ್ಲಿ ಬಗೆಹರಿಯಬಹುದಾಗಿದ್ದ ಫಾರ್ಮ್ಯಾಟಿನ ಭೇದವು, ಬೀಗದ ದೆಸೆಯಿಂದ ದಾಟಲಾಗದ ಗೋಡೆಯಾಯಿತು. ನಕಲು ತಡೆಯಲೆಂದು ಹಾಕಿದ ಬೀಗ, ಗಿರಾಕಿಯು ಬೇರೆ ಕಂಪನಿಯ ಪ್ಲೇಯರಿನತ್ತ ಹೋಗದಂತೆ ಕಟ್ಟಿಹಾಕುವ ಹಗ್ಗವೂ ಆಯಿತು.

ಬೀಗದ ಕೆಲಸ ಹೀಗೆ ನಡೆಯುತ್ತದೆ. ಹಾಡಿನ ಫೈಲನ್ನು ಒಂದು ರಹಸ್ಯ ಸಂಖ್ಯೆಯಿಂದ ಎನ್‌ಕ್ರಿಪ್ಟ್ ಮಾಡುತ್ತಾರೆ, ಅಂದರೆ ಗೂಢಲಿಪಿಗೆ ಬದಲಾಯಿಸುತ್ತಾರೆ. ಆ ಸಂಖ್ಯೆಯೇ ಕೀಲಿಕೈ. ಕೀಲಿಕೈಯನ್ನು ಮತ್ತೊಂದು ಬೀಗದೊಳಗಿಟ್ಟು, ಯಾವ ಖಾತೆಗೆ, ಯಾವ ಕಂಪ್ಯೂಟರಿಗೆ, ಎಷ್ಟು ಸಲ ಎಂಬ ನಿಬಂಧನೆಗಳೊಡನೆ ಪರವಾನಗಿಯಾಗಿ ಸರ್ವರಿನಿಂದ ಕಳುಹಿಸುತ್ತಾರೆ. ನನ್ನ ಮಳಿಗೆಯ ಕ್ರಮದಲ್ಲಿ ಆ ಪರವಾನಗಿಯು ಕಂಪ್ಯೂಟರಿನ ಬಿಡಿಭಾಗಗಳ ಗುರುತಿಗೆ ಅಂಟಿಕೊಂಡಿರುತ್ತಿತ್ತು. ಆದ್ದರಿಂದಲೇ ಫೋಲ್ಡರನ್ನು ನಕಲು ಮಾಡಿದಾಗ ಹಾಡುಗಳು ಬಂದರೂ ಅವುಗಳ ಕೀಲಿಕೈ ಬರಲಿಲ್ಲ. ಆಪರೇಟಿಂಗ್ ಸಿಸ್ಟಂ ಅನ್ನು ಮತ್ತೆ ಹೊಸದಾಗಿ ಹಾಕಿದರೂ ಪರವಾನಗಿಗಳು ಅಳಿದುಹೋಗುತ್ತವೆ. ಬ್ಯಾಕಪ್ ಇಟ್ಟುಕೊಳ್ಳಿ ಎಂದು ಕಂಪ್ಯೂಟರ್ ಬಲ್ಲವರೆಲ್ಲ ಹೇಳುತ್ತಾರೆ, ನಾನು ಶ್ರದ್ಧೆಯಿಂದ ಇಟ್ಟುಕೊಂಡಿದ್ದೆ. ಎರಡು ಹಾರ್ಡ್ ಡಿಸ್ಕುಗಳಲ್ಲಿ ಕಾಪಾಡಿದ್ದು ತೆರೆಯಲಾಗದ ಪೆಟ್ಟಿಗೆಗಳನ್ನು ಎಂದು ತಿಳಿದದ್ದು ಬಹಳ ತಡವಾಗಿ.

ಈ ಏರ್ಪಾಡಿನ ಬುಡದಲ್ಲಿಯೇ ಒಂದು ವಿರೋಧವಿದೆ. ಗುಟ್ಟಾದ ಪತ್ರವನ್ನು ಒಬ್ಬರಿಗೆ ಬರೆದು ಇನ್ನೊಬ್ಬರಿಂದ ಮುಚ್ಚಿಡುವುದು ಸಾಧ್ಯ, ಏಕೆಂದರೆ ಓದಬೇಕಾದವರು ಒಬ್ಬರು, ಓದಬಾರದವರು ಮತ್ತೊಬ್ಬರು. ಇಲ್ಲಿ ಹಾಡನ್ನು ಕೇಳಬೇಕಾದವನೂ, ಹಾಡಿನ ಫೈಲನ್ನು ಬಿಡಿಸಿ ನೋಡಬಾರದವನೂ ಒಬ್ಬನೇ. ಅವನ ಕಂಪ್ಯೂಟರಿನಲ್ಲಿಯೇ ಬೀಗ, ಅವನ ಕಂಪ್ಯೂಟರಿನಲ್ಲಿಯೇ ಕೀಲಿಕೈ. ಹಾಡು ನುಡಿಯುವ ಕ್ಷಣದಲ್ಲಿ ಬೀಗ ತೆರೆದೇ ತೆರೆಯಬೇಕು. ನುರಿತವರು ಹುಡುಕಿದರೆ ಆ ಕೀಲಿಕೈ ಸಿಕ್ಕೇ ಸಿಗುತ್ತದೆ. ಜಗತ್ತಿನಲ್ಲಿ ಒಬ್ಬನೇ ಒಬ್ಬ ಬಿಡಿಸಿದರೂ ಬೀಗವಿಲ್ಲದ ಪ್ರತಿ ಎಲ್ಲೆಡೆ ಹರಡಲು ಅಷ್ಟೇ ಸಾಕು. ಅದನ್ನು ಬಿಡಿಸುವ ಕೌಶಲವಿಲ್ಲದ, ಬಿಡಿಸುವ ಮನಸ್ಸೂ ಇಲ್ಲದ ಗಿರಾಕಿ ಮಾತ್ರ ಬೀಗದ ಈಚೆ ಉಳಿಯುತ್ತಾನೆ.

ಇದು ಕೇವಲ ತರ್ಕವಲ್ಲ, ನಡೆದ ಸಂಗತಿ. ಧ್ವನಿಮುದ್ರಣ ಕಂಪನಿಗಳೂ ಎಲೆಕ್ಟ್ರಾನಿಕ್ಸ್ ಕಂಪನಿಗಳೂ ಕೂಡಿ 1998ರಲ್ಲಿ ಸುರಕ್ಷಿತ ಡಿಜಿಟಲ್ ಸಂಗೀತಕ್ಕಾಗಿ ಎಸ್‌ಡಿಎಂಐ ಎಂಬ ಒಕ್ಕೂಟವನ್ನು ಕಟ್ಟಿದವು. 2000ದ ಸೆಪ್ಟೆಂಬರಿನಲ್ಲಿ ಅದು ತನ್ನ ರಕ್ಷಣಾ ವಿಧಾನಗಳನ್ನು ಮುರಿದು ತೋರಿಸಿ ಎಂದು ಬಹಿರಂಗ ಸವಾಲು ಹಾಕಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಧ್ವನಿಯೊಳಗೆ ಅಡಗಿಸಿದ್ದ ಗುರುತುಗಳನ್ನು ಕೆಲವೇ ವಾರಗಳಲ್ಲಿ ಸೋಲಿಸಿದರು. ಅದರ ಬಗ್ಗೆ ಬರೆದ ಪ್ರಬಂಧವನ್ನು ಮಂಡಿಸಿದರೆ ಮೊಕದ್ದಮೆ ಎದುರಾಗಬಹುದೆಂಬ ಬೆದರಿಕೆ ಬಂದು ಅವರು ಒಮ್ಮೆ ಹಿಂದೆ ಸರಿಯಬೇಕಾಯಿತು, 2001ರ ಆಗಸ್ಟಿನಲ್ಲಿ ಕೊನೆಗೂ ಮಂಡಿಸಿದರು. 2002ರಲ್ಲಿ ಕೆಲವು ರಕ್ಷಿತ ಸಿ.ಡಿ.ಗಳ ಹೊರ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದರೆ ರಕ್ಷಣೆ ನಿಷ್ಫಲವಾಗುತ್ತದೆಂದು ಜನ ಕಂಡುಕೊಂಡರು. 2003ರಲ್ಲಿ, ಅದೇ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಯಾಗಿದ್ದ ಅಲೆಕ್ಸ್ ಹಾಲ್ಡರ್‌ಮನ್, ಸಿ.ಡಿ. ಹಾಕುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಇನ್ನೊಂದು ಬಗೆಯ ರಕ್ಷಣಾ ಪ್ರೋಗ್ರಾಮು ಕಂಪ್ಯೂಟರಿನಲ್ಲಿ ಶುರುವಾಗುವುದೇ ಇಲ್ಲವೆಂದು ತೋರಿಸಿದರು.

2005ರ ಪ್ರಕರಣವನ್ನು ನೆನೆದರೆ ನನಗೆ ಈಗಲೂ ಕೋಪ ಬರುತ್ತದೆ. ಸೋನಿ ಬಿಎಂಜಿ ಎಂಬ ಧ್ವನಿಮುದ್ರಣ ಕಂಪನಿ ಹೊರತಂದ ಕೆಲವು ಸಿ.ಡಿ.ಗಳನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ, ಬಳಸುವವರ ಕಣ್ಣಿಗೆ ಬೀಳದಂತೆ ಅಡಗಿ ಕೂರುವ ಪ್ರೋಗ್ರಾಮೊಂದು ಒಳಹೊಕ್ಕು ನೆಲೆಸುತ್ತಿತ್ತು. ಆ ವರ್ಷದ ಅಕ್ಟೋಬರ್ 31ರಂದು ಕಂಪ್ಯೂಟರ್ ತಜ್ಞ ಮಾರ್ಕ್ ರುಸಿನೊವಿಚ್ ತಮ್ಮದೇ ಕಂಪ್ಯೂಟರಿನಲ್ಲಿ ಅದನ್ನು ಪತ್ತೆಹಚ್ಚಿದ ವಿವರವನ್ನು ಪ್ರಕಟಿಸಿದರು. ಆ ಪ್ರೋಗ್ರಾಮು ಒದಗಿಸಿದ ಮರೆಯನ್ನು ಬಳಸಿಕೊಂಡು ಅವಿತುಕೊಳ್ಳುವ ದುಷ್ಟ ಪ್ರೋಗ್ರಾಮುಗಳು ಕೆಲವೇ ದಿನಗಳಲ್ಲಿ ಹುಟ್ಟಿಕೊಂಡವು, ನವೆಂಬರಿನಲ್ಲಿ ಕಂಪನಿ ಆ ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಿತು. ಒಂದು ಮಾತನ್ನು ಗಮನಿಸಬೇಕು: ಹಾಡನ್ನು ಕದ್ದು ಇಳಿಸಿಕೊಂಡವನ ಕಂಪ್ಯೂಟರಿಗೆ ಇದರಿಂದ ಏನೂ ಆಗಲಿಲ್ಲ. ಅಂಗಡಿಗೆ ಹೋಗಿ ಹಣ ಕೊಟ್ಟು ಸಿ.ಡಿ. ತಂದವನ ಕಂಪ್ಯೂಟರೇ ಅಪಾಯಕ್ಕೆ ಸಿಲುಕಿತು.

ಸಂಗೀತಗಾರರಿಗೆ ಸಲ್ಲಬೇಕಾದ ಹಣ ಸಲ್ಲಬೇಕೆಂಬುದರಲ್ಲಿ ನನಗೆ ಎಂದೂ ಎರಡು ಮಾತಿಲ್ಲ. 1999ರಲ್ಲಿ ನ್ಯಾಪ್‌ಸ್ಟರ್ ಎಂಬ ಹಾಡು ಹಂಚಿಕೊಳ್ಳುವ ಸೇವೆ ಬಂದು ಕೋಟ್ಯಂತರ ಹಾಡುಗಳು ಒಂದು ಪೈಸೆಯ ಗೌರವಧನವೂ ಇಲ್ಲದೆ ಕೈಯಿಂದ ಕೈಗೆ ಹರಿದಾಗ, 2001ರಲ್ಲಿ ನ್ಯಾಯಾಲಯದ ಆದೇಶದಿಂದ ಅದು ನಿಲ್ಲುವವರೆಗೂ ಆ ಉದ್ಯಮದವರು ಪಟ್ಟ ದಿಗಿಲು ನಿಜವಾದದ್ದು. ವರ್ಷಗಟ್ಟಲೆ ಸಾಧನೆ ಮಾಡಿ ಒಂದು ಧ್ವನಿಮುದ್ರಣ ಹೊರತಂದವರಿಗೆ ಅದೇ ಜೀವನೋಪಾಯ. ಆ ಕಾರಣಕ್ಕಾಗಿಯೇ ನಾನು ಉಚಿತವಾಗಿ ಸಿಗುತ್ತಿದ್ದುದನ್ನು ಬಿಟ್ಟು ಕೊಂಡುಕೊಳ್ಳುವ ದಾರಿ ಹಿಡಿದೆ. ನನ್ನಂತೆ ಮಾಡಿದವರಿಗೆ ಸಿಕ್ಕಿದ್ದು ಐದು ಕಂಪ್ಯೂಟರುಗಳ ಮಿತಿ, ಮೂರು ಪ್ಲೇಯರುಗಳ ಮಿತಿ, ಪ್ರತಿಸಲವೂ ಅನುಮತಿ ಕೇಳುವ ಪರದೆ, ಕೊನೆಗೆ ತೆರೆಯದ ಫೈಲು. ಕದ್ದವನ ಬಳಿಯಿದ್ದ ಎಂಪಿ3 ಇವತ್ತಿಗೂ ಯಾವ ಉಪಕರಣದಲ್ಲಿ ಬೇಕಾದರೂ ನುಡಿಯುತ್ತದೆ. ಹಣ ಕೊಟ್ಟವನ ಕೈಗೆ ಕಳಪೆ ವಸ್ತು, ಕೊಡದವನ ಕೈಗೆ ಉತ್ತಮ ವಸ್ತು ಸೇರುವ ವ್ಯವಸ್ಥೆಯಿಂದ ಸಂಗೀತಗಾರರ ಹಿತ ಕಾಯಲಾಗದು. ಕಾನೂನೂ ಬೀಗದ ಪಕ್ಷದಲ್ಲಿಯೇ ನಿಂತಿತು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ 1996ರ ಕೃತಿಸ್ವಾಮ್ಯ ಒಪ್ಪಂದ, ಅದನ್ನನುಸರಿಸಿ ಅಮೆರಿಕದಲ್ಲಿ 1998ರಲ್ಲಿ ಬಂದ ಡಿಎಂಸಿಎ ಎಂಬ ಕಾಯ್ದೆ, ನಂತರ ಇತರೆಡೆ ಬಂದ ಕಾಯ್ದೆಗಳು ಬೀಗ ಮುರಿಯುವುದಕ್ಕೂ ಮುರಿಯುವ ಸಾಧನ ಹಂಚುವುದಕ್ಕೂ ತಡೆಯೊಡ್ಡಿದವು.

ದೊಡ್ಡ ಕಂಪನಿಗಳು ಪರಸ್ಪರರ ಬೀಗಗಳನ್ನು ಹೇಗೆ ಕಂಡವೆಂಬುದೂ ತಿಳಿಯಬೇಕಾದ ಸಂಗತಿ. 2003ರ ಏಪ್ರಿಲ್ 28ರಂದು ತೆರೆದ ಆಪಲ್‌ನ ಐಟ್ಯೂನ್ಸ್ ಮಳಿಗೆ ಫೇರ್‌ಪ್ಲೇ ಎಂಬ ತನ್ನದೇ ಬೀಗವನ್ನು ಬಳಸಿತು, ಅದರ ಹಾಡುಗಳು ಒಯ್ಯಬಹುದಾದ ಪ್ಲೇಯರುಗಳ ಪೈಕಿ ಆಪಲ್‌ನದೇ ಆದ ಐಪಾಡಿನಲ್ಲಿ ಮಾತ್ರ ನುಡಿಯುತ್ತವೆ ಎಂಬಂತಾಯಿತು. 2004ರಲ್ಲಿ ರಿಯಲ್‌ನೆಟ್‌ವರ್ಕ್ಸ್ ಎಂಬ ಕಂಪನಿ ತನ್ನ ಮಳಿಗೆಯ ಹಾಡುಗಳೂ ಐಪಾಡಿನಲ್ಲಿ ನುಡಿಯುವಂತೆ ಹಾರ್ಮನಿ ಎಂಬ ತಂತ್ರವನ್ನು ತಂದಾಗ ಆಪಲ್ ಬಲವಾಗಿ ಖಂಡಿಸಿತು, ಅದೇ ವರ್ಷದ ಕೊನೆಗೆ ಐಪಾಡಿನ ಒಳಪ್ರೋಗ್ರಾಮನ್ನು ಬದಲಾಯಿಸಿ ಆ ಹಾಡುಗಳು ನುಡಿಯದಂತೆ ಮಾಡಿತು. ಮೈಕ್ರೋಸಾಫ್ಟ್ ಬೇರೆ ಬೇರೆ ಕಂಪನಿಗಳ ಪ್ಲೇಯರುಗಳಿಗೂ ಮಳಿಗೆಗಳಿಗೂ ಹೊಂದುವ ಬೀಗವೆಂದು ಪ್ಲೇಸ್‌ಫಾರ್‌ಶೂರ್ ಎಂಬ ಮುದ್ರೆಯನ್ನು 2004ರಲ್ಲಿ ತಂದಿತು. 2006ರಲ್ಲಿ ತಾನೇ ಝೂನ್ ಎಂಬ ಪ್ಲೇಯರನ್ನು ಮಾರುಕಟ್ಟೆಗೆ ಬಿಟ್ಟಾಗ ಆ ಮುದ್ರೆಯ ಹಾಡುಗಳು ಅದರಲ್ಲಿ ನುಡಿಯಲಿಲ್ಲ. ಒಂದೇ ಕಂಪನಿಯ ಎರಡು ಬೀಗಗಳಿಗೇ ಹೊಂದಾಣಿಕೆ ಇಲ್ಲದಿದ್ದಾಗ, ಅಕ್ಕನ ಮತ್ತು ನನ್ನ ಪ್ಲೇಯರುಗಳು ಒಂದನ್ನೊಂದು ಒಪ್ಪದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

2008ನೆಯ ವರ್ಷ ಬೀಗಗಳ ನಿಜವಾದ ಬೆಲೆಯನ್ನು ತೋರಿಸಿತು. ಮೈಕ್ರೋಸಾಫ್ಟಿನ ಎಂಎಸ್‌ಎನ್ ಮ್ಯೂಸಿಕ್ ಮಳಿಗೆ ಮಾರಾಟ ನಿಲ್ಲಿಸಿದ್ದು 2006ರಲ್ಲಿ. 2008ರ ಆಗಸ್ಟ್ 31ರ ನಂತರ ಹೊಸ ಕಂಪ್ಯೂಟರುಗಳಿಗೆ ಕೀಲಿಕೈ ಕೊಡುವುದಿಲ್ಲವೆಂದು ಗಿರಾಕಿಗಳಿಗೆ ತಿಳಿಸಲಾಯಿತು, ಅವರು ಪ್ರತಿಭಟಿಸಿದ ಮೇಲೆ ಗಡುವು 2011ರ ಅಂತ್ಯಕ್ಕೆ ಸರಿಯಿತು. ಯಾಹೂ ಸಂಗೀತ ಮಳಿಗೆಯೂ 2008ರದೇ ಸೆಪ್ಟೆಂಬರ್ 30ಕ್ಕೆ ತನ್ನ ಸರ್ವರುಗಳನ್ನು ನಿಲ್ಲಿಸುವುದಾಗಿ ಘೋಷಿಸಿ, ಟೀಕೆಗಳ ನಂತರ ಪರಿಹಾರ ಕೊಡಲು ಮುಂದಾಯಿತು. ಸುದ್ದಿಯಾದ ಮಳಿಗೆಗಳ ಗಿರಾಕಿಗಳಿಗೆ ಅಷ್ಟಾದರೂ ಸಿಕ್ಕಿತು. ಸದ್ದಿಲ್ಲದೆ ಮುಚ್ಚಿದವುಗಳ ಗಿರಾಕಿಗಳ ಪರವಾಗಿ ದನಿ ಎತ್ತುವವರು ಇರಲಿಲ್ಲ.

ಮಳಿಗೆಗಳು ಆಗ ಸೂಚಿಸುತ್ತಿದ್ದ ಉಪಾಯವೆಂದರೆ ಹಾಡುಗಳನ್ನು ಸಿ.ಡಿ.ಗೆ ಬರೆದು, ಆ ಸಿ.ಡಿ.ಯಿಂದ ಮತ್ತೆ ಎಂಪಿ3 ಮಾಡಿಕೊಳ್ಳುವುದು. ಬೀಗ ಹೀಗೆ ಕಳಚುತ್ತದೆ ನಿಜ, ಆದರೆ ಸಂಗೀತ ಸವೆಯುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್‌ಗಳಷ್ಟು ಧ್ವನಿಯ ಮಾಹಿತಿ ಇರುತ್ತದೆ. ನಾನು ಕೊಂಡ ಫೈಲುಗಳಲ್ಲಿ ಇದ್ದದ್ದು 128, ಅಂದರೆ ಹನ್ನೊಂದರಲ್ಲಿ ಒಂದು ಭಾಗ. ಕಿವಿಗೆ ಗೊತ್ತಾಗದೆಂದು ಲೆಕ್ಕಹಾಕಿ ತೆಗೆದುಹಾಕಿದ ಅಂಶಗಳು ಸಿ.ಡಿ.ಗೆ ಬರೆದ ಮಾತ್ರಕ್ಕೆ ಮರಳಿ ಬರುವುದಿಲ್ಲ, ಅದನ್ನು ಮತ್ತೆ ಎಂಪಿ3ಗೆ ಇಳಿಸುವಾಗ ಇನ್ನಷ್ಟು ಅಂಶ ಕಳೆದುಹೋಗುತ್ತದೆ. ತಂತಿಯ ಮೇಲೆ ಬೆರಳು ಜಾರುವ ಸದ್ದು, ಮೀಟಿದ ಸ್ವರ ನಿಧಾನವಾಗಿ ಅಡಗುವ ಆ ಕೊನೆಯ ಎಳೆ, ಇವೇ ಮೊದಲು ಹಾಳಾಗುವುವು. ನಾನು ಹನ್ನೆರಡು ಹಾಡುಗಳನ್ನು ಹೀಗೆ ಮಾಡಿ ನೋಡಿದೆ. ಕಛೇರಿಯಲ್ಲಿ ಒಂದರೊಳಗೊಂದು ಬೆರೆತು ಸಾಗುವ ಭಾಗಗಳ ನಡುವೆ ಎರಡೆರಡು ಸೆಕೆಂಡುಗಳ ಮೌನ ಬಂದು ಕೂತಿತು. ಕಲಾವಿದರ, ವಾದ್ಯಗಳ, ರಚನೆಗಳ ಹೆಸರುಗಳೆಲ್ಲ ಅಳಿಸಿ ಒಂದನೆಯ ಹಾಡು, ಎರಡನೆಯ ಹಾಡು ಎಂಬ ಅಂಕಿಗಳಷ್ಟೇ ಉಳಿದವು. ಆ ಹನ್ನೆರಡಕ್ಕೆ ನಿಲ್ಲಿಸಿಬಿಟ್ಟೆ. ಆಗಲೇ 143ನ್ನೂ ಮುಗಿಸಿದ್ದರೆ ಇಂದು ಸವೆದ ಪ್ರತಿಯಾದರೂ ಇರುತ್ತಿತ್ತು ಎಂಬ ಕೊರಗು ಇದೆ.

ಅಷ್ಟರಲ್ಲಾಗಲೇ ಗಾಳಿ ತಿರುಗತೊಡಗಿತ್ತು. 2007ರ ಫೆಬ್ರವರಿಯಲ್ಲಿ ಆಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್, ಧ್ವನಿಮುದ್ರಣ ಕಂಪನಿಗಳು ಒಪ್ಪಿದರೆ ಬೀಗವಿಲ್ಲದೆ ಮಾರಲು ಸಿದ್ಧವೆಂದು ಬಹಿರಂಗವಾಗಿ ಬರೆದರು. ಏಪ್ರಿಲ್‌ನಲ್ಲಿ ಇಎಂಐ ಎಂಬ ಧ್ವನಿಮುದ್ರಣ ಕಂಪನಿ ಒಪ್ಪಿತು, ಸೆಪ್ಟೆಂಬರಿನಲ್ಲಿ ಅಮೆಜಾನ್ ಬೀಗವಿಲ್ಲದ ಎಂಪಿ3ಗಳ ಮಳಿಗೆಯನ್ನು ತೆರೆಯಿತು, 2009ರ ಜನವರಿಯಲ್ಲಿ ಐಟ್ಯೂನ್ಸ್ ಕೂಡ ತನ್ನ ಹಾಡುಗಳಿಂದ ಬೀಗವನ್ನು ತೆಗೆದುಹಾಕುವುದಾಗಿ ಘೋಷಿಸಿತು. ಹಳೆಯ ಗಿರಾಕಿಗಳು ತಾವು ಕೊಂಡಿದ್ದ ಹಾಡುಗಳಿಂದ ಬೀಗ ತೆಗೆಸಿಕೊಳ್ಳಲು ಹಾಡೊಂದಕ್ಕೆ 30 ಸೆಂಟ್ ಕೊಡಬೇಕಿತ್ತು. ತಾವೇ ಹಾಕಿದ ಬೀಗವನ್ನು ತೆಗೆಯಲು ಗಿರಾಕಿಯಿಂದ ಹಣ ಕೇಳಿದ್ದು ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಅಲ್ಲಿ ಧ್ವನಿಯ ಗುಣಮಟ್ಟವೂ 256 ಕಿಲೋಬಿಟ್‌ಗೆ ಏರಿತೆಂಬುದನ್ನು ಹೇಳದಿದ್ದರೆ ತಪ್ಪಾದೀತು. ನನ್ನ ಮಳಿಗೆ ಅಷ್ಟರವರೆಗೆ ಬಾಳಲಿಲ್ಲ. ಬೀಗ ತೆಗೆದ ಮೇಲೆ ಡಿಜಿಟಲ್ ಹಾಡುಗಳ ಮಾರಾಟ ಕುಸಿದುಬೀಳಲಿಲ್ಲ ಎಂಬುದನ್ನು ಕಂಡಾಗ, ಅಷ್ಟು ವರ್ಷ ಅದನ್ನು ಹೊತ್ತು ತಿರುಗಿದ್ದು ಯಾತಕ್ಕೆಂಬ ಪ್ರಶ್ನೆ ಇನ್ನಷ್ಟು ನೋಯಿಸಿತು.

ಈಗ ಸ್ಟ್ರೀಮಿಂಗ್ ಸೇವೆಗಳಲ್ಲಿ ಬೀಗ ಮರಳಿ ಬಂದಿದೆ. ಸ್ಪಾಟಿಫೈನಲ್ಲಿ ಇಳಿಸಿಟ್ಟುಕೊಂಡ ಹಾಡುಗಳು ಉಳಿಯಬೇಕಾದರೆ 30 ದಿನಗಳಿಗೊಮ್ಮೆಯಾದರೂ ಅಂತರ್ಜಾಲಕ್ಕೆ ಸೇರಿಸಲೇಬೇಕು. ಅದರ ಬಗ್ಗೆ ನನಗೆ ಅಂಥ ದೂರೇನಿಲ್ಲ. ತಿಂಗಳ ಬಾಡಿಗೆ ಕೊಟ್ಟು ಕೇಳುತ್ತಿದ್ದೇನೆಂದು ನನಗೂ ಗೊತ್ತು, ಅವರೂ ಹಾಗೆಯೇ ಹೇಳುತ್ತಾರೆ. ನನ್ನ ತಕರಾರು ‘ಖರೀದಿಸಿ’ ಎಂಬ ಗುಂಡಿಯ ಮೇಲೆ. ಆ ಪದವನ್ನು ನಂಬಿ ನಾನು 143 ಸಲ ಅದನ್ನು ಒತ್ತಿದ್ದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದಿರುವ ಕಾನೂನಿನ ಪ್ರಕಾರ, ಮಾರುವವರು ಮುಂದೆ ಹಿಂದಕ್ಕೆ ಪಡೆಯಬಹುದಾದ ಡಿಜಿಟಲ್ ಸರಕಿಗೆ ‘ಖರೀದಿ’ ಎಂಬ ಪದ ಬಳಸಬೇಕಾದರೆ, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸಬೇಕು. ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದವುಗಳಿಗೆ ಆ ಷರತ್ತಿಲ್ಲ. ನಾನು ಅಂದು ಬಯಸಿದ್ದ ಪ್ರಾಮಾಣಿಕತೆ ಇಷ್ಟೇ. ಪರವಾನಗಿ ಎಂದು ಬರೆದಿದ್ದರೆ ಆ 38 ನಿಮಿಷಗಳ ವಾದನವನ್ನು ಕಾಪಾಡಿಕೊಳ್ಳುವ ದಾರಿಯನ್ನು ಮೊದಲ ದಿನವೇ ಹುಡುಕುತ್ತಿದ್ದೆ. ಈಗ ನಾನು ಕೊಳ್ಳುವುದು ಫ್ಲ್ಯಾಕ್ ಅಥವಾ ಎಂಪಿ3 ರೂಪದಲ್ಲಿ, ಬೀಗವಿಲ್ಲದೆ ಮಾರುವವರಿಂದ ಮಾತ್ರ.

ಹಳೆಯ ಕಂಪ್ಯೂಟರನ್ನು ನಾನು ಎಸೆದಿರಲಿಲ್ಲ. ಉಬ್ಬಿಕೊಂಡಿದ್ದ ಬ್ಯಾಟರಿಯನ್ನು ತೆಗೆದು ನೇರವಾಗಿ ವಿದ್ಯುತ್ತಿಗೆ ಸೇರಿಸಿದಾಗ ಅದು ಬಹಳ ಹೊತ್ತು ತೆಗೆದುಕೊಂಡು ಎದ್ದಿತು, ಅದರಲ್ಲಿ ಹಾಡುಗಳು ನುಡಿದವು. ಪರವಾನಗಿಗಳು ಅದರೊಳಗೆ ಇನ್ನೂ ಜೀವಂತವಾಗಿವೆ. ಅದರ ಹಾರ್ಡ್ ಡಿಸ್ಕ್ ಕೆಟ್ಟ ದಿನ ಅವೂ ಇಲ್ಲ. ಅದನ್ನು ಅಂತರ್ಜಾಲಕ್ಕೆ ಸೇರಿಸುವುದಿಲ್ಲ, ಅದರಲ್ಲಿ ಏನನ್ನೂ ಬದಲಾಯಿಸುವುದಿಲ್ಲ. ಅದರ ಹೆಡ್‌ಫೋನಿನ ತೂತಿನಿಂದ ಒಂದು ತಂತಿಯನ್ನು ಎಳೆದು ಧ್ವನಿಮುದ್ರಣ ಯಂತ್ರಕ್ಕೆ ಜೋಡಿಸಿ, ಹಾಡುಗಳನ್ನು ಒಂದೊಂದಾಗಿ ನುಡಿಸಿ ದಾಖಲಿಸಿಕೊಳ್ಳುತ್ತಿದ್ದೇನೆ. 38 ನಿಮಿಷಗಳ ವಾದನಕ್ಕೆ 38 ನಿಮಿಷಗಳೇ ಬೇಕು. ನಡುವೆ ಕಂಪ್ಯೂಟರ್ ಒಂದು ಕ್ಷಣ ತಡವರಿಸಿದರೆ ಮೊದಲಿನಿಂದ ಶುರುಮಾಡಬೇಕು. ಎಲ್ಲ ಸೇರಿ ಹತ್ತೊಂಬತ್ತು ಗಂಟೆಗಳಷ್ಟು ಸಂಗೀತ. ಆ ಏಕವ್ಯಕ್ತಿ ವಾದನವನ್ನು ಮೊದಲು ಮುಗಿಸಿ ಅಕ್ಕನಿಗೆ ಕಳುಹಿಸಿದೆ, ಈ ಸಲ ಅವಳ ಫೋನಿನಲ್ಲಿ ಅದು ನುಡಿಯಿತು. ಈವರೆಗೆ 31 ಆಗಿವೆ. ಇವತ್ತು ರಾತ್ರಿ ಇನ್ನೆರಡನ್ನು ಹಿಡಿದುಕೊಳ್ಳಬೇಕೆಂದಿದ್ದೇನೆ.